ಮೈಯೊಳಗಿನ ನೀರಿಗೂ ಉಬ್ಬರವಿದೆಯೇ?

ಮಾನ್ಯರೇ,

ಉಬ್ಬರವಿಳಿತದ ಲೇಖನ ಓದಿ ನೀವು ಬರೆದ ಪತ್ರ ತಲುಪಿದೆ. ‘ಕಡಲನ್ನೇ ಎಳೆಯುವ ಚಂದ್ರ, ಬಹುಪಾಲು ನೀರೇ ಆಗಿರುವ ನಮ್ಮ ದೇಹವನ್ನು ಸುಮ್ಮನೆ ಬಿಟ್ಟಾನೆಯೇ?’ ಎಂದು ಕೇಳಿದ್ದೀರಿ. ಸೊಸೆಯ ಹೆರಿಗೆಗೆ ಕೊಟ್ಟಿರುವ ದಿನಾಂಕ ಹುಣ್ಣಿಮೆಯ ಆಸುಪಾಸಿಗೆ ಬರುವುದರಿಂದ ಮನೆಯವರು ದಿಗಿಲುಗೊಂಡು, ಮೊದಲೇ ಹೆರಿಗೆ ಮಾಡಿಸುವ ಮಾತಾಡುತ್ತಿದ್ದಾರೆ ಎಂದೂ ತಿಳಿಸಿದ್ದೀರಿ. ಹುಣ್ಣಿಮೆಯ ಹತ್ತಿರ ನಿಮಗೆ ನಿದ್ದೆ ಬರುವುದಿಲ್ಲ ಎಂಬ ಮಾತೂ ಇದೆ.

ಎಲ್ಲಕ್ಕಿಂತ ಮೊದಲು ಹೆರಿಗೆಯ ವಿಷಯ. ದಯವಿಟ್ಟು ಚಂದ್ರನನ್ನು ನೋಡಿ ದಿನ ಹಿಂದೆ ಮುಂದೆ ಮಾಡಬೇಡಿ. ಅದು ತಾಯಿ, ಮಗುವಿನ ಸ್ಥಿತಿ ನೋಡಿ ವೈದ್ಯರು ಹೇಳಬೇಕಾದ ಮಾತು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1997ರಿಂದ 2001ರವರೆಗಿನ 5,64,039 ಹೆರಿಗೆಗಳನ್ನು ಚಂದ್ರನ ಕಲೆಗಳೊಂದಿಗೆ ತಾಳೆ ನೋಡಿದ್ದಾರೆ. ಹುಣ್ಣಿಮೆಯಂದು ಹೆರಿಗೆಗಳೂ ಹೆಚ್ಚಿರಲಿಲ್ಲ, ತೊಡಕುಗಳೂ ಹೆಚ್ಚಿರಲಿಲ್ಲ.

ನೀರಿನ ವಾದ ಕೇಳಲು ಎಷ್ಟು ಸಹಜವೆನಿಸುತ್ತದೆಯೆಂದರೆ ಅದನ್ನು ಬಿಡಿಸಿ ನೋಡಲೇಬೇಕು. ಭೂಮಿಯ ಒಂದು ಮಗ್ಗುಲು ಇನ್ನೊಂದಕ್ಕಿಂತ ಚಂದ್ರನಿಗೆ ಸುಮಾರು 12,700 ಕಿ.ಮೀ. ಹತ್ತಿರದಲ್ಲಿರುತ್ತದೆ. ಎರಡೂ ಕಡೆಯ ಎಳೆತದಲ್ಲಿ ಆಗುವ ವ್ಯತ್ಯಾಸವೇ ಉಬ್ಬರಕ್ಕೆ ಮೂಲ. ನಮ್ಮ ನೆತ್ತಿಗೂ ಪಾದಕ್ಕೂ ಎರಡು ಮೀಟರ್ ಅಂತರವೂ ಇಲ್ಲ. ಉತ್ತರ ಅಮೆರಿಕದ ಮಹಾಸರೋವರಗಳಲ್ಲೇ ಉಬ್ಬರ ಐದು ಸೆಂಟಿಮೀಟರ್ ದಾಟುವುದಿಲ್ಲ ಎಂದ ಮೇಲೆ ಒಡಲೊಳಗಿನ ನೀರಿನ ಪಾಡೇನು? ಅದೂ ಅಲ್ಲದೆ, ಚಂದ್ರನ ಎಳೆತ ಹುಣ್ಣಿಮೆಗೆ ಕಾದು ಕೂರುವುದಿಲ್ಲ. ಅಮಾವಾಸ್ಯೆಯಂದೂ ಕಡಲು ಹುಣ್ಣಿಮೆಯಷ್ಟೇ ಉಕ್ಕುತ್ತದೆ.

ಹಾಗೆಂದು ಚಂದ್ರನಿಗೂ ಜೀವಲೋಕಕ್ಕೂ ನಂಟಿಲ್ಲ ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳಗಳಿಗೆ ಕಣ್ಣಿಲ್ಲ, ಮಿದುಳಿಲ್ಲ. ಆದರೂ ವರ್ಷಕ್ಕೊಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ ನಡುವಿನ ಒಂದು ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ, ಹತ್ತಾರು ಜಾತಿಯ ಹವಳಗಳು ಒಟ್ಟಾಗಿ ಅಂಡ, ವೀರ್ಯಾಣುಗಳನ್ನು ನೀರಿಗೆ ಬಿಡುತ್ತವೆ. ಬೆಳಕನ್ನು ಗ್ರಹಿಸುವ ಪ್ರೋಟೀನುಗಳು ಅವುಗಳಲ್ಲಿವೆ. ಹುಣ್ಣಿಮೆ ಕಳೆದಂತೆ ಚಂದ್ರ ದಿನದಿನಕ್ಕೆ ತಡವಾಗಿ ಹುಟ್ಟುತ್ತಾನೆ; ಸೂರ್ಯ ಮುಳುಗಿ ಚಂದ್ರ ಮೂಡುವ ನಡುವೆ ಒಂದಿಷ್ಟು ಕತ್ತಲು ಉಳಿಯುತ್ತದೆ. ಕೆಲವು ಹವಳಗಳಿಗೆ ಆ ಕತ್ತಲೇ ಸೂಚನೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇದು ನನಗೆ ಯಾವ ಪವಾಡಕ್ಕಿಂತಲೂ ಅದ್ಭುತ. ನಾವು ತೀರದುದ್ದಕ್ಕೂ ಹಚ್ಚುವ ವಿದ್ಯುತ್ ದೀಪಗಳು ಈ ಕತ್ತಲನ್ನು ಕದಡಿ, ಹವಳಗಳ ಕಾಲ ತಪ್ಪಿಸುತ್ತಿವೆ. ದೀಪದ ಬೆಳಕಿಗೆ ಸಿಕ್ಕ ಹವಳಗಳು ಒಂದೆರಡು ದಿನ ಮೊದಲೇ ಅಂಡ ಬಿಟ್ಟರೆ ಅವಕ್ಕೆ ತಮ್ಮದೇ ಜಾತಿಯ ಉಳಿದ ಹವಳಗಳ ಜೊತೆ ಸಿಗದೆ ಹೋಗಬಹುದು. ಚಂದ್ರನಿಗೆ ಹೆದರುವ ಬದಲು ನಾವು ಚಿಂತಿಸಬೇಕಾದದ್ದು ಇಂಥದ್ದರ ಬಗ್ಗೆ.

ಕ್ಯಾಲಿಫೋರ್ನಿಯಾದ ಗ್ರೂನಿಯನ್ ಮೀನುಗಳು ಮಾತ್ರ ಬೆಳಕಿಗಿಂತ ಉಬ್ಬರವನ್ನೇ ನೆಚ್ಚಿಕೊಂಡಿವೆ. ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಉಬ್ಬರದೊಂದಿಗೆ ದಡಕ್ಕೆ ಬಂದು ಮರಳಿನಲ್ಲಿ ಮೊಟ್ಟೆ ಹೂಳುತ್ತವೆ. ಮುಂದಿನ ದೊಡ್ಡ ಉಬ್ಬರ ಬಂದು ಕದಲಿಸಿದಾಗ ಮರಿಗಳು ಹೊರಬೀಳುತ್ತವೆ.

ಇನ್ನು ನಿಮ್ಮ ನಿದ್ದೆ. ಅದನ್ನು ಭ್ರಮೆಯೆಂದು ತಳ್ಳಿಹಾಕಲಾರೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರ್ಜೆಂಟೀನಾದ ಕೊಮ್ ಬುಡಕಟ್ಟಿನ ಜನರ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿ ನೋಡಿದ್ದರು. ಹುಣ್ಣಿಮೆಗೆ ಮುಂಚಿನ ರಾತ್ರಿಗಳಲ್ಲಿ ಅವರು ತಡವಾಗಿ ಮಲಗಿ ಕಡಿಮೆ ನಿದ್ದೆ ಮಾಡುತ್ತಿದ್ದರು. ಆ ದಿನಗಳಲ್ಲಿ ಸಂಜೆಯಾಗುತ್ತಲೇ ಬೆಳದಿಂಗಳಿರುತ್ತದೆ, ವಿದ್ಯುತ್ತಿಲ್ಲದ ಮನೆಗಳವರು ಎಚ್ಚರವಿರುವುದು ಸಹಜ. ಆದರೆ ಅಮೆರಿಕದ ನಗರವೊಂದರ ವಿದ್ಯಾರ್ಥಿಗಳಲ್ಲೂ ಇದೇ ಏರಿಳಿತ ಕಂಡಿತು. ಅದೇಕೆ ಎಂಬುದು ಸಂಶೋಧಕರಿಗೆ ಇನ್ನೂ ಬಗೆಹರಿದಿಲ್ಲ. ನೀವು ಮಲಗಿದ, ಎದ್ದ ಹೊತ್ತನ್ನು ಮೂರು ನಾಲ್ಕು ತಿಂಗಳು ಬರೆದಿಡಿ, ಪಂಚಾಂಗ ನೋಡದೆ. ಆಮೇಲೆ ತಿಥಿಗಳೊಂದಿಗೆ ಹೋಲಿಸಿ, ಕಂಡದ್ದನ್ನು ನಮಗೆ ಬರೆಯಿರಿ.

— ಸಂಪಾದಕ