ಹೆಸರು, ಜಾಗ, ದರ, ನಂಬರು: ಅಂಗಡಿಕಾರರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪತ್ರಗಳನ್ನು ಆರಿಸಿದ್ದೇವೆ. ಲೋಗೊ ಹೇಗಿರಬೇಕು, ಯಾವ ಬಣ್ಣ ಒಪ್ಪುತ್ತದೆ ಎಂದು ಕೇಳಿದವರೇ ಹೆಚ್ಚು. ನಮಗೆ ಅದಕ್ಕೂ ಮೊದಲಿನ ಚಿಂತೆ ಒಂದಿದೆ. ನಿಮ್ಮ ಹೆಸರು, ಜಾಗ, ದರ, ನಂಬರು ಗಿರಾಕಿಗೆ ತಡಕಾಡದೆ ಸಿಗುತ್ತದೆಯೇ? ಅವುಗಳ ಕೀಲಿ ನಿಮ್ಮ ಕೈಯಲ್ಲೇ ಇದೆಯೇ?

ನಾವು ಎಂಟು ಮಂದಿ ಹೆಣ್ಮಕ್ಳು ಕೂಡಿ ಜ್ವಾಳದ ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರ್ತೀವ್ರಿ. ಬೆಂಗಳೂರು, ಪುಣೆಯಿಂದ ಫೋನ್ ಬರ್ತಾವ. ಪರಿಚಯದ ಹುಡುಗ 25 ಸಾವಿರಕ್ಕ ವೆಬ್‌ಸೈಟ್ ಮಾಡಿಕೊಡ್ತೀನಿ ಅಂತಾನ. ಮಾಡಿಸ್ಬೇಕೋ ಬ್ಯಾಡೋ?
— ರೊಟ್ಟಿ ಕೇಂದ್ರ, ಕಲಬುರಗಿ

ಸದ್ಯಕ್ಕೆ ಬೇಡ. ಆ ಹಣವನ್ನು ರೊಟ್ಟಿ ಮುರಿಯದಂಥ ಗಟ್ಟಿ ಡಬ್ಬಿಗೆ ಹಾಕಿ. ನಿಮಗೆ ಆರ್ಡರು ಬರುತ್ತಿರುವುದು ಫೋನಿನಲ್ಲಿ. ಹಾಗಾಗಿ ಮೊದಲು ಅಚ್ಚುಕಟ್ಟಾಗಬೇಕಾದದ್ದೂ ಫೋನೇ.

ಕೇಂದ್ರಕ್ಕೆಂದೇ ಒಂದು ಬೇರೆ ಸಿಮ್ ತೆಗೆದುಕೊಳ್ಳಿ. ಯಾರೋ ಒಬ್ಬರ ಸ್ವಂತ ನಂಬರಿನಲ್ಲಿ ವ್ಯಾಪಾರ ನಡೆದರೆ, ಅವರು ಗುಂಪು ಬಿಟ್ಟ ದಿನ ಗಿರಾಕಿಗಳೂ ಅವರ ಹಿಂದೆಯೇ ಹೋಗುತ್ತಾರೆ. ಆ ಹೊಸ ನಂಬರಿಗೆ ವಾಟ್ಸಾಪ್ ಬಿಸಿನೆಸ್ ಹಾಕಿ. ಅದಕ್ಕೆ ದುಡ್ಡಿಲ್ಲ, ಸಾಮಾನ್ಯ ವಾಟ್ಸಾಪ್ ಇರುವ ಫೋನಿನಲ್ಲೇ ಅದರ ಪಕ್ಕದಲ್ಲಿ ನಡೆಯುತ್ತದೆ. ಹಾಕಿದ ದಿನವೇ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಇಡಿ. ಎಸ್‌ಎಂಎಸ್‌ನಲ್ಲಿ ಬರುವ ಆರಂಕಿಯ ಕೋಡನ್ನು ಕೇಳಿಕೊಂಡು ಯಾರು ಫೋನ್ ಮಾಡಿದರೂ ಹೇಳಬೇಡಿ. ಹೇಳಿದರೆ ನಂಬರಿನ ವಾಟ್ಸಾಪೇ ಅವರ ಪಾಲಾಗುತ್ತದೆ.

ಆಮೇಲೆ ಕ್ಯಾಟಲಾಗ್, ಅಂದರೆ ಆ ಆಪ್‌ನಲ್ಲೇ ಇರುವ ಸಾಮಾನುಗಳ ಪಟ್ಟಿ. ಅದರಲ್ಲಿ 500 ಸಾಮಾನು ಹಾಕಲು ಅವಕಾಶವಿದೆ, ನಿಮಗೆ ಎಂಟು ಸಾಕು. ಒಂದೊಂದಕ್ಕೂ ಹೀಗೆ ಬರೆಯಿರಿ: "ಜೋಳದ ಖಡಕ್ ರೊಟ್ಟಿ, 25ರ ಕಟ್ಟು. ಬಿಳಿಜೋಳದ ಹಿಟ್ಟು, ಉಪ್ಪು, ನೀರು. ಎಣ್ಣೆ ಇಲ್ಲ. ಅಗಲ ಇಷ್ಟು ಇಂಚು. ಕೊರಿಯರ್ ಖರ್ಚು ಬೇರೆ." ದರವನ್ನು ಅದರ ಜಾಗದಲ್ಲಿ ತುಂಬಿ. "ದರಕ್ಕಾಗಿ ಫೋನ್ ಮಾಡಿ" ಎಂದು ಬರೆಯಲೇಬೇಡಿ. ರಾತ್ರಿ ಹತ್ತಕ್ಕೆ ಪುಣೆಯಲ್ಲಿ ಕೂತು ನೋಡುವವರು ಆಗ ಫೋನ್ ಮಾಡುವುದಿಲ್ಲ, ಬೆಳಿಗ್ಗೆ ಮರೆತಿರುತ್ತಾರೆ. ಫೋಟೊದಲ್ಲಿ ರೊಟ್ಟಿಯನ್ನು ಊಟದ ತಾಟಿನಲ್ಲಿಟ್ಟು ತೆಗೆಯಿರಿ, ಆಗ ಅಳತೆ ಕಣ್ಣಿಗೇ ತಿಳಿಯುತ್ತದೆ. ಬರೀ ರೊಟ್ಟಿಯ ಫೋಟೊ ನೋಡಿದವರಿಗೆ ಅದು ಹಪ್ಪಳವೋ ರೊಟ್ಟಿಯೋ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಕೈಯೆಲ್ಲ ಹಿಟ್ಟಾಗಿರುವಾಗ ಫೋನ್ ಎತ್ತಲು ಆಗದು. ಅದಕ್ಕೆ "ಅವೇ ಮೆಸೇಜ್" ಇದೆ. ಸಮಯ ಗೊತ್ತುಪಡಿಸಿ ಹೀಗೆ ಹಾಕಿ: "ನಮಸ್ಕಾರ್ರಿ. ಈಗ ರೊಟ್ಟಿ ಮಾಡ್ಲಿಕತ್ತೀವಿ. ಏನು ಬೇಕು, ಎಷ್ಟು ಬೇಕು, ಊರಿನ ಪಿನ್‌ಕೋಡ್ ಬರೆದು ಬಿಡ್ರಿ, 12 ಗಂಟೆಗೆ ಉತ್ತರ ಕೊಡ್ತೀವಿ." ಈ ಒಂದು ಸಂದೇಶಕ್ಕೆ ಬರುವ ಉತ್ತರದಲ್ಲೇ ಅರ್ಧ ಆರ್ಡರು ಮುಗಿದಿರುತ್ತದೆ. ಪದೇ ಪದೇ ಕಳಿಸುವ ಬ್ಯಾಂಕ್ ವಿವರ, ಪಾರ್ಸೆಲ್ ನಿಯಮಗಳನ್ನು "ಕ್ವಿಕ್ ರಿಪ್ಲೈ"ನಲ್ಲಿ ಬರೆದಿಟ್ಟರೆ ಓರೆಗೆರೆ (/) ಒತ್ತಿದ ಕೂಡಲೇ ಸಿಗುತ್ತವೆ. ಬ್ರಾಡ್‌ಕಾಸ್ಟ್ (ಒಂದೇ ಸಂದೇಶವನ್ನು ಹಲವರಿಗೆ ಒಮ್ಮೆಗೇ ಕಳಿಸುವ) ಪಟ್ಟಿಯೊಂದರಲ್ಲಿ 256 ಮಂದಿಯನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ತಲುಪುತ್ತದೆ. "ಕಳಿಸಿದ್ದೆ, ಯಾರಿಗೂ ಬಂದಿಲ್ಲ" ಎಂಬ ದೂರಿನ ಮೂಲ ಹೆಚ್ಚಾಗಿ ಇದೇ. ಮೊದಲ ಪಾರ್ಸೆಲ್ಲಿನಲ್ಲೇ "ನಂಬರ್ ಸೇವ್ ಮಾಡಿಕೊಳ್ರಿ" ಎಂಬ ಚೀಟಿ ಇಡಿ. ಆಪ್ ತಾನೇ ಕೊಡುವ ಶಾರ್ಟ್ ಲಿಂಕ್‌ನ ಕ್ಯೂಆರ್ ಅದೇ ಚೀಟಿಯಲ್ಲಿರಲಿ.

ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ಸಂಖ್ಯೆ, ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಎಂಆರ್‌ಪಿ, ಹಸಿರು ಚುಕ್ಕೆಯ ಸಸ್ಯಾಹಾರಿ ಗುರುತು, ನಿಮ್ಮ ವಿಳಾಸ ಇರಲೇಬೇಕು. ಶೇಂಗಾ ಹಿಂಡಿಯ ಪ್ಯಾಕೆಟ್ಟಿನಲ್ಲಿ ಶೇಂಗಾ ಇದೆ ಎಂದು ಎದ್ದು ಕಾಣುವಂತೆ ಬರೆಯಿರಿ, ಅದು ಆಗದವರಿದ್ದಾರೆ. ಲೇಬಲ್ಲಿನ ಅಂದ ಇವಕ್ಕೆಲ್ಲ ಜಾಗ ಬಿಟ್ಟ ಮೇಲಿನದು. ಮೊದಲು ಚಿತ್ರ ಬಿಡಿಸಿ ಆಮೇಲೆ ಇವನ್ನು ಮೂಲೆಗೆ ತುರುಕಿದರೆ ಓದಲಾಗದ ಇರುವೆ ಅಕ್ಷರಗಳಾಗುತ್ತವೆ.

ಕೊನೆಯದಾಗಿ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟ, ಮ್ಯಾಪಿನಲ್ಲಿ ಕಾಣುವ ನಿಮ್ಮ ವ್ಯಾಪಾರದ ವಿವರ. ಅದೂ ಉಚಿತ. ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರಷ್ಟೇ ಬರಲಿ. "ಕಲಬುರಗಿಯ ನಂಬರ್ 1 ಜೋಳದ ರೊಟ್ಟಿ" ಎಂದು ಬಾಲ ಸೇರಿಸಿದರೆ ಪ್ರೊಫೈಲೇ ಅಮಾನತಾಗಬಹುದು. ಗಿರಾಕಿಗಳು ಮನೆಗೆ ಬರುವುದಿಲ್ಲವಾದರೆ ವಿಳಾಸ ಮರೆಮಾಡಿ, ತಲುಪಿಸುವ ಊರುಗಳನ್ನು ಮಾತ್ರ ತುಂಬಿ. ಪರಿಶೀಲನೆಗೆ ವಿಡಿಯೊ ಕೇಳಿದರೆ ಬೀದಿ, ಬಾಗಿಲು, ಒಲೆ, ಪ್ಯಾಕಿಂಗ್ ಜಾಗ, ಎಲ್ಲವನ್ನೂ ನಡುವೆ ನಿಲ್ಲಿಸದೆ ಒಂದೇ ಓಟದಲ್ಲಿ ತೋರಿಸಿ.

ಹೋಟೆಲು, ಅಂಗಡಿಗಳಿಂದ ಸಗಟು ಆರ್ಡರು ಬರತೊಡಗಿದಾಗ ವೆಬ್‌ಸೈಟ್ ಮಾತು ಎತ್ತೋಣ. ಆಗಲೂ ಒಂದು ಪುಟದ್ದು ಸಾಕು.

ಎರಡು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಸಿದ್ದೆ. ಈಗ ಮಾಡಿಕೊಟ್ಟವರು ಫೋನ್ ಎತ್ತುತ್ತಿಲ್ಲ. ಡೊಮೇನ್ ಅವರ ಹೆಸರಿನಲ್ಲೇ ಇದೆಯಂತೆ. ಏನು ಮಾಡಲಿ?
— ಕೃಷಿ ಉಪಕರಣ ವ್ಯಾಪಾರಿ, ಹುಮನಾಬಾದ್

ಈ ಪತ್ರ ಓದಿ ಬೇಜಾರಾಯಿತು, ಏಕೆಂದರೆ ಇದು ಮೊದಲ ದಿನ ಹತ್ತು ನಿಮಿಷದಲ್ಲಿ ತಪ್ಪಿಸಬಹುದಾಗಿದ್ದ ತೊಂದರೆ. ಡೊಮೇನ್ ಎಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಅದು ಅಂಗಡಿಯ ಜಾಗದ ಪಹಣಿ ಇದ್ದಂತೆ. ಪಹಣಿಯಲ್ಲಿ ಯಾರ ಹೆಸರಿದೆಯೋ ಜಾಗ ಅವರದ್ದು, ಮೇಲಿನ ಕಟ್ಟಡಕ್ಕೆ ನೀವೆಷ್ಟೇ ಸುರಿದಿರಲಿ.

ಮೊದಲು "ಹೂಈಸ್" (Whois) ಹುಡುಕಾಟದಲ್ಲಿ ನಿಮ್ಮ ಡೊಮೇನ್ ಹಾಕಿ, ಯಾವ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ಬಳಿ ಇದೆ, ಅವಧಿ ಯಾವತ್ತು ಮುಗಿಯುತ್ತದೆ ಎಂದು ನೋಡಿ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮಾಡಿಕೊಟ್ಟವರನ್ನು ಹೇಗಾದರೂ ಹಿಡಿದು ಎರಡು ವಸ್ತು ಕೇಳಿ: ಡೊಮೇನನ್ನು ನಿಮ್ಮ ಖಾತೆಗೆ ವರ್ಗಾಯಿಸಲು ಬೇಕಾದ "ಆಥ್ ಕೋಡ್", ಮತ್ತು ವೆಬ್‌ಸೈಟಿನ ಪೂರ್ತಿ ಬ್ಯಾಕಪ್ ಫೈಲು. ಕೋಡ್ ಕೊಡುವ ಮುಂಚೆ ಅವರು ತಮ್ಮ ಖಾತೆಯಲ್ಲಿ ಡೊಮೇನಿನ ಬೀಗ ತೆಗೆದಿರಬೇಕು, ಇಲ್ಲದಿದ್ದರೆ ವರ್ಗಾವಣೆ ಅರ್ಧಕ್ಕೆ ನಿಲ್ಲುತ್ತದೆ. ಹಣ ಕೊಟ್ಟ ರಸೀದಿ, ವಾಟ್ಸಾಪ್ ಮಾತುಕತೆ ಎಲ್ಲ ತೆಗೆದಿಡಿ. ಅವರು ಒಪ್ಪದಿದ್ದರೆ ರಿಜಿಸ್ಟ್ರಾರ್‌ಗೆ ದೂರು ಬರೆಯುವಾಗ ಅವು ಬೇಕು.

ದಾರಿಯೇ ಇಲ್ಲವೆಂದಾದರೆ ಹೊಸ ಡೊಮೇನ್ ಕೊಳ್ಳಿ, ನಿಮ್ಮ ಇಮೇಲ್, ನಿಮ್ಮ ಮೊಬೈಲ್, ನಿಮ್ಮ ಹೆಸರಿನಲ್ಲಿ. ಗೂಗಲ್ ಪ್ರೊಫೈಲ್, ಬಿಲ್ಲು, ಗಾಡಿ ಮೇಲಿನ ಹೆಸರು ಎಲ್ಲವನ್ನೂ ಅದಕ್ಕೆ ಬದಲಿಸಿ. ಗೂಗಲ್ ಪ್ರೊಫೈಲ್, ಫೇಸ್‌ಬುಕ್ ಪೇಜುಗಳದ್ದೂ ಇದೇ ನೀತಿ: ಒಡೆತನ ನಿಮ್ಮದು, ಕೆಲಸ ಮಾಡುವವರಿಗೆ "ಮ್ಯಾನೇಜರ್" ಅಧಿಕಾರ ಸಾಕು. ಗೂಗಲ್‌ನಲ್ಲಿ ಹೊಸದಾಗಿ ಸೇರಿಸಿದ ಒಡೆಯರಿಗೆ ಪೂರ್ತಿ ಅಧಿಕಾರ ಬರಲು 7 ದಿನ ಕಾಯಬೇಕು, ಆದ್ದರಿಂದ ಜಗಳ ಆಗುವ ತನಕ ಇದನ್ನು ಮುಂದೂಡಬೇಡಿ.

ಫ್ಲೆಕ್ಸ್ ಮಾಡಿದವರು ಕೊಟ್ಟ ಕನ್ನಡ ಬರಹವನ್ನು ವೆಬ್‌ಸೈಟಿಗೆ ಹಾಕಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಇನ್‌ಸ್ಟಾಗ್ರಾಂ ಪೋಸ್ಟರಿನಲ್ಲಿ ಒತ್ತಕ್ಷರಗಳು ಬಿಟ್ಟು ನಿಲ್ಲುತ್ತವೆ.
— ಬಟ್ಟೆ ಅಂಗಡಿ, ಶಹಾಪುರ, ಯಾದಗಿರಿ ಜಿಲ್ಲೆ

ನೀವು ಹೇಳಿದ್ದು ಎರಡು ಬೇರೆ ಬೇರೆ ರೋಗ.

ಮೊದಲನೆಯದು: ಪ್ರೆಸ್‌ನವರು ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿರುತ್ತಾರೆ. ಅಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಕೀಲಿಗಳ ಸಂಕೇತ, ಫಾಂಟ್ ಮಾತ್ರ ಅದಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ವೆಬ್‌ಸೈಟಿಗೆ, ಗೂಗಲ್‌ಗೆ, ವಾಟ್ಸಾಪ್‌ಗೆ ಯೂನಿಕೋಡ್ ಬರಹವೇ ಬೇಕು, ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ಓದಿ, ತಪ್ಪು ನುಸುಳುವುದು ಅಲ್ಲೇ.

ಎರಡನೆಯದು ವಿನ್ಯಾಸದ ತಂತ್ರಾಂಶದ್ದು. ನಿಮ್ಮ ಅಂಗಡಿಯ ಬೋರ್ಡಿನಲ್ಲೇ ಒಳ್ಳೆಯ ಪರೀಕ್ಷೆ ಇದೆ: "ವಸ್ತ್ರಾಲಯ". "ಸ್ತ್ರಾ"ದಲ್ಲಿ ಸಕಾರದ ಕೆಳಗೆ ತಕಾರದ ಒತ್ತು, ಅದಕ್ಕೆ ಅಂಟಿದಂತೆ ರಕಾರದ ಒತ್ತು ಕೂರಬೇಕು. "ವಸ್‌ತ್‌ರಾಲಯ" ಎಂದು ಬಿಡಿಬಿಡಿಯಾಗಿ ಕಂಡರೆ ಆ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬಂದಿಲ್ಲ. ಫೋಟೊಶಾಪ್‌ನಲ್ಲಿ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ "ವರ್ಲ್ಡ್-ರೆಡಿ ಲೇಔಟ್" ಆರಿಸಿದರೆ ಸರಿಹೋಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್, ಟೈಪ್ ಎಂಬಲ್ಲಿ ದಕ್ಷಿಣ ಏಷ್ಯಾದ ಆಯ್ಕೆ ಒತ್ತಿ, ತಂತ್ರಾಂಶ ಮುಚ್ಚಿ ಮತ್ತೆ ತೆರೆಯಬೇಕು.

ಫಾಂಟಿಗೆ ಪರದಾಡಬೇಕಿಲ್ಲ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ, ಬಲೂ ತಮ್ಮ 2, ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಬಟ್ಟೆ ಅಂಗಡಿಯ ತಲೆಬರಹಕ್ಕೆ ಬಲೂ ತಮ್ಮ ದುಂಡಗೆ, ತುಂಬಿಕೊಂಡು ಕಾಣುತ್ತದೆ. ಪುಟದ ಬರಹಕ್ಕೆ ನೋಟೊ ಇರಲಿ. ಅಳತೆ 18 ಪಿಕ್ಸೆಲ್, ಸಾಲಿನ ಎತ್ತರ 1.6ರಿಂದ 1.8. ಇಂಗ್ಲಿಷಿಗೆ ಸಾಕಾಗುವ 1.2 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಬಟನ್ನುಗಳಲ್ಲಿ ಒತ್ತಿನ ಬುಡ ಕತ್ತರಿಸಿ ಹೋಗಿದೆಯೇ ಎಂದು ಫೋನಿನಲ್ಲೇ ನೋಡಿ. ಅಕ್ಷರಗಳ ನಡುವಿನ ಅಂತರ ಸೊನ್ನೆಯಲ್ಲೇ ಇರಲಿ.

ಬೋರ್ಡ್ ಹೊಸದಾಗಿ ಮಾಡಿಸುವುದಿದ್ದರೆ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇಕಡಾ 60 ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಲೋಗೊ ಮಾಡುವ ದಿನವೇ ಕನ್ನಡ ರೂಪವನ್ನು ಮೂಲವಾಗಿಟ್ಟುಕೊಂಡು ಉಳಿದ ಭಾಷೆಗಳನ್ನು ಅದಕ್ಕೆ ಹೊಂದಿಸಿ. ಇಂಗ್ಲಿಷ್ ಲೋಗೊ ಮುಗಿಸಿ ಕೊನೆಗೆ ಕನ್ನಡ ಸೇರಿಸಿದ್ದು ಬೋರ್ಡಿನಲ್ಲಿ ಅಂಟಿಸಿದಂತೆ ಕಾಣುತ್ತದೆ.

ಬಿದರಿ ಹೂದಾನಿ, ಡಬ್ಬಿಗಳ ಫೋಟೊ ತೆಗೆದರೆ ಕಪ್ಪು ಬೂದಿಯಾಗುತ್ತದೆ, ಬೆಳ್ಳಿ ಗೆರೆ ಕಾಣುವುದೇ ಇಲ್ಲ.
— ಬಿದರಿ ಮಾರಾಟಗಾರ, ಬೀದರ್

ಮೊಬೈಲ್ ಕ್ಯಾಮೆರಾ ಎದುರಿಗಿನ ದೃಶ್ಯ ಮಧ್ಯಮ ಬೆಳಕಿನದು ಎಂದು ಭಾವಿಸಿಕೊಂಡಿರುತ್ತದೆ. ಬಿದರಿ ಎಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕೆಲಸ. ಬೀದರ್ ಕೋಟೆಯ ಮಣ್ಣಿನಿಂದ ಬಂದ ಅದರ ದಟ್ಟ ಕಪ್ಪನ್ನು ಕಂಡ ಕೂಡಲೇ "ಕತ್ತಲೆ ಇದೆ" ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಆಗ ಕಪ್ಪು ಬೂದಿಯಾಗುತ್ತದೆ, ಬೆಳ್ಳಿ ಬರೀ ಬಿಳಿ ಮಚ್ಚೆಯಾಗುತ್ತದೆ. ಆದ್ದರಿಂದ ಪರದೆಯಲ್ಲಿ ವಸ್ತುವಿನ ಮೇಲೆ ಬೆರಳಿಟ್ಟು, ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಕಪ್ಪು ಕಪ್ಪಾಗಿ, ಬೆಳ್ಳಿಯ ಗೆರೆ ಬೇರೆ ಬೇರೆಯಾಗಿ ಕಾಣುವ ಹಂತದಲ್ಲಿ ನಿಲ್ಲಿಸಿ.

ಅದಕ್ಕೂ ಮುಂಚೆ ಹೊಳಪಿಗೆಂದು ಸವರಿದ ಎಣ್ಣೆಯನ್ನು ಒಣ ಮೆತ್ತನೆ ಬಟ್ಟೆಯಿಂದ ಪೂರ್ತಿ ಒರೆಸಿ. ಎಣ್ಣೆ ಇದ್ದರೆ ಬೆರಳಿನ ಗುರುತು, ಟ್ಯೂಬ್‌ಲೈಟಿನ ಉದ್ದ ಬಿಳಿ ಗೆರೆ ಎರಡೂ ಫೋಟೊಕ್ಕೆ ಬರುತ್ತವೆ. ಫ್ಲಾಶ್ ಬೇಡ, ಅಂಗಡಿಯ ದೀಪ ಆರಿಸಿ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಮೇಜು ಹಾಕಿ, ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ, ಎದುರು ಬದಿಗೆ ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ಹಿನ್ನೆಲೆಗೆ ತಿಳಿ ಬೂದು ಕಾಗದ ಇರಲಿ. ಕೆಂಪು ಮಖಮಲ್ ಬಿಟ್ಟುಬಿಡಿ, ಅದರ ಕೆಂಪು ಬೆಳ್ಳಿಯೊಳಗೆ ಪ್ರತಿಫಲಿಸುತ್ತದೆ. ಬೆಳಕು ಬದಿಯಿಂದ ಬರುವಂತೆ ವಸ್ತುವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಬೆಳ್ಳಿಯೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತದೆ. ಆ ಕೋನಕ್ಕಾಗಿ ಕಾಯಿರಿ, ಅದೇ ನಿಮ್ಮ ಫೋಟೊ.

ಪ್ರತಿ ವಸ್ತುವಿಗೆ ನಾಲ್ಕು ಫೋಟೊ: ಪೂರ್ತಿ ನೋಟ, ಕೆತ್ತನೆಯ ಹತ್ತಿರದ ನೋಟ, ತಳ, ಕೈಯಲ್ಲಿ ಹಿಡಿದದ್ದು. ವಿವರಣೆಯಲ್ಲಿ ಎತ್ತರ, ತೂಕ, ಕೆಲಸ ತಂತಿಯ ತಾರಕಶಿಯೋ ತಗಡಿನ ತೆಹ್ನಿಶಾನೋ ಎಂದು ಬರೆಯಿರಿ. ದೂರದಿಂದ ಕೊಳ್ಳುವವರಿಗೆ ಎರಡು ಡಬ್ಬಿಗಳ ದರ ಯಾಕೆ ಬೇರೆ ಎಂಬುದು ಆ ಒಂದು ಪದದಿಂದ ಅರ್ಥವಾಗುತ್ತದೆ. ವೆಬ್‌ಸೈಟಿಗೆ ಏರಿಸುವಾಗ ಫೋಟೊವನ್ನು ವೆಬ್‌ಪಿ ಎಂಬ ಹಗುರ ಫೈಲಿನ ರೂಪದಲ್ಲಿ 200 ಕೆಬಿಯೊಳಗೆ ಇಳಿಸಿ. ಮೊಬೈಲಿನಿಂದ ಬಂದ ನಾಲ್ಕು ಎಂಬಿಯ ಫೋಟೊ ಹಾಗೇ ಹಾಕಿದರೆ ಪುಟ ತೆರೆಯುವ ಮುಂಚೆ ಗಿರಾಕಿ ಹಿಂದಕ್ಕೆ ಹೋಗಿರುತ್ತಾರೆ.

"ಕಲಬುರಗಿ ತೊಗರಿ ಬೇಳೆ" ಎಂಬುದನ್ನೇ ನಮ್ಮ ಬ್ರಾಂಡ್ ಹೆಸರಾಗಿ ನೋಂದಣಿ ಮಾಡಿಸಬಹುದೇ?
— ದಾಲ್ ಮಿಲ್, ಕಲಬುರಗಿ

ಆಗುವುದಿಲ್ಲ. ಊರಿನ ಹೆಸರು, ಸಾಮಾನಿನ ಹೆಸರು ಎಲ್ಲರ ಸ್ವತ್ತು, ಒಬ್ಬರಿಗೆ ಟ್ರೇಡ್‌ಮಾರ್ಕ್ ಕೊಡುವುದಿಲ್ಲ. ಅಲ್ಲದೆ "ಗುಲ್ಬರ್ಗ ತೊಗರಿ ಬೇಳೆ"ಗೆ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ, ಅಂದರೆ ಇದು ಈ ಸೀಮೆಯದೇ ಎನ್ನುವ ಗುರುತು) ಮಾನ್ಯತೆ ಸಿಕ್ಕಿದೆ. ಆ ಜಿಐ ಗುರುತನ್ನು ಚೀಲದ ಮೇಲೆ ಹಾಕಲು ನೀವು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಅದನ್ನು ಖಂಡಿತ ಮಾಡಿಸಿ, ಬ್ರಾಂಡಿಗೆ ಅದಕ್ಕಿಂತ ದೊಡ್ಡ ಬಲ ಬೇರೆ ಇಲ್ಲ. ಬ್ರಾಂಡಿಗೆ ಬೇಳೆಗೆ ಸಂಬಂಧಿಸದ, ಹೇಳಲು ಸುಲಭವಾದ ಒಂದು ಪದ ಹುಡುಕಿ. ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿ ಶುಲ್ಕ ಒಂದು ವರ್ಗಕ್ಕೆ (ಸಾಮಾನಿನ ಬಗೆಗೆ) ₹4,500, ನೋಂದಣಿ 10 ವರ್ಷ ನಡೆಯುತ್ತದೆ. ನೋಂದಣಿ ಆಗುವ ತನಕ ಟಿಎಂ ಗುರುತು ಹಾಕಬಹುದು, ವೃತ್ತದೊಳಗಿನ ಆರ್ ಹಾಕುವಂತಿಲ್ಲ.

ಇನ್ನೊಂದು. ಊರಿಗೆ ಕಲಬುರಗಿ ಎಂಬ ಹೆಸರು ಅಧಿಕೃತವಾಗಿ ಬಂದದ್ದು 2014ರ ನವೆಂಬರ್ 1ರಂದು. ಹೊರಗಿನ ಅನೇಕ ವ್ಯಾಪಾರಿಗಳು ಇಂದಿಗೂ ಗುಲ್ಬರ್ಗ ಎಂದೇ ಹುಡುಕುತ್ತಾರೆ. ವೆಬ್‌ಸೈಟಿನ ವಿಳಾಸದ ಸಾಲಿನಲ್ಲಿ "ಕಲಬುರಗಿ (ಗುಲ್ಬರ್ಗ)" ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ.

ಗೂಗಲ್‌ನಲ್ಲಿ ಐದು ಸ್ಟಾರ್ ಕೊಟ್ಟವರಿಗೆ ಚಹಾ ಫ್ರೀ ಅಂತ ಬೋರ್ಡ್ ಹಾಕಬಹುದಾ?
— ಖಾನಾವಳಿ, ಸುರಪುರ

ಬೇಡ. ಆಮಿಷ ಕೊಟ್ಟು ಪಡೆದ ವಿಮರ್ಶೆ ಗೂಗಲ್ ನಿಯಮಕ್ಕೆ ವಿರುದ್ಧ, ಅಳಿಸಿ ಹಾಕುತ್ತಾರೆ. ಬಿಲ್ಲಿನ ಕೌಂಟರಿನಲ್ಲಿ ವಿಮರ್ಶೆಯ ಕ್ಯೂಆರ್ ಇಟ್ಟು "ಊಟ ಹೆಂಗಿತ್ತು, ಬರೀರಿ" ಎಂದು ಎಲ್ಲರನ್ನೂ ಕೇಳಿ. ಸಿಟ್ಟಿನಿಂದ ಒಂದು ಸ್ಟಾರ್ ಕೊಟ್ಟವರಿಗೂ ಹೆಸರು ಹಿಡಿದು, ಎರಡು ಸಾಲಿನಲ್ಲಿ, ಏನು ಸರಿಮಾಡಿದಿರಿ ಎಂದು ಉತ್ತರ ಬರೆಯಿರಿ. ಮುಂದೆ ಬರುವ ಗಿರಾಕಿ ಓದುವುದು ಆ ಉತ್ತರವನ್ನು.

ರೀಲ್ಸ್‌ಗೆ ಸಿನಿಮಾ ಹಾಡು ಹಾಕಿದರೆ ಧ್ವನಿ ಹೋಗುತ್ತದೆ.
— ಬೇಕರಿ, ಸೇಡಂ

ವ್ಯಾಪಾರದ ಖಾತೆಗಳಿಗೆ ಹಾಡಿನ ಹಕ್ಕು ಸೀಮಿತ. ನಿಮ್ಮಲ್ಲಿ ಹಾಡಿಗಿಂತ ಒಳ್ಳೆಯ ಸದ್ದಿದೆ: ಭಟ್ಟಿಯಿಂದ ತೆಗೆದ ಖಾರಿಯನ್ನು ಮುರಿಯುವ ಸದ್ದು. ಫೋನ್ ನೆಟ್ಟಗೆ ಹಿಡಿದು, ಫ್ಯಾನ್ ಆರಿಸಿ, 10 ಸೆಕೆಂಡು ತೆಗೆಯಿರಿ. ಮೊದಲ ಎರಡು ಸೆಕೆಂಡಿನಲ್ಲೇ ಖಾರಿ ಮುರಿಯಲಿ, ದರ ಮತ್ತು ಅಂಗಡಿಯ ಜಾಗ ಪರದೆಯ ಮಧ್ಯಭಾಗದಲ್ಲಿ ಬರಲಿ. ತಳದಲ್ಲಿ ಬರೆದರೆ ಇನ್‌ಸ್ಟಾಗ್ರಾಂನ ಹೆಸರು, ಗುಂಡಿಗಳು ಅದನ್ನು ಮುಚ್ಚಿಬಿಡುತ್ತವೆ.