ಕುತ್ತಿಗೆಗೆ ಸೂಜಿ ಅಂದರೆ ಭಯ: "ಪೂರ್ತಿ ನಿದ್ದೆ ಬರಿಸಿಯೇ ಮಾಡಿ" ಎಂದವರಿಗೆ ಕೊಟ್ಟ ಸಲಹೆ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ನಲವತ್ತು ದಾಟಿದ ಶಿಕ್ಷಕಿ. ಥೈರಾಯ್ಡ್‌ನಲ್ಲಿ ಗಂಟಿದೆ, ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಗಂಟಿನ ಜೀವಕೋಶ ತೆಗೆದು ನೋಡುವ ಟೆಸ್ಟ್) ಮಾಡಿಸಿ ಎಂದು ಡಾಕ್ಟರ್ ಬರೆದುಕೊಟ್ಟಿದ್ದರು. ಹೋಗಲು ಧೈರ್ಯ ಸಾಲದೆ ಮುಂದೂಡುತ್ತಾ ಬಂದು, ಕೊನೆಗೆ ಗಂಡನ ಜೊತೆ ನನ್ನ ಹತ್ತಿರ ಬಂದರು. "ಮೇಡಂ, ಪೂರ್ತಿ ನಿದ್ದೆ ಬರಿಸಿ ಮಾಡೋದಾದ್ರೆ ಮಾತ್ರ ಹೋಗ್ತೀನಿ." ಮನೆಯವರು "ಇಷ್ಟಕ್ಕೆಲ್ಲ ಹೆದರ್ತಾರಾ" ಎಂದಿದ್ದು ಅವರನ್ನು ಇನ್ನೂ ಕುಗ್ಗಿಸಿತ್ತು.

ನೋವಿನ ಭಯವಾ, ರಿಪೋರ್ಟ್ ಭಯವಾ ಎಂದು ಕೇಳಿದೆ. ಎರಡೂ ಅಲ್ಲ. ಚಿಕ್ಕಂದಿನಲ್ಲಿ ಕೈಕಾಲು ಒತ್ತಿಹಿಡಿದು ಇಂಜೆಕ್ಷನ್ ಕೊಟ್ಟಿದ್ದರಂತೆ. "ಬೇಡ ಅಂತ ಕಿರುಚಿದರೂ ಯಾರೂ ನಿಲ್ಲಿಸಲಿಲ್ಲ" ಎಂದರು. ನಿಲ್ಲಿಸಿ ಅಂದರೆ ನಿಲ್ಲಿಸುತ್ತಾರೆ ಎಂಬ ನಂಬಿಕೆ ಅವರಿಗೆ ಬೇಕಿತ್ತು, ಆದರೆ ಪೂರ್ತಿ ನಿದ್ದೆಯಲ್ಲಿದ್ದರೆ ನಿಲ್ಲಿಸಿ ಎನ್ನಲೂ ಆಗುವುದಿಲ್ಲ ಅಲ್ವಾ?

ಹಾಗಾಗಿ ಏನು ನಡೆಯುತ್ತದೆ ಎಂದು ಮೊದಲು ಬಿಡಿಸಿ ಹೇಳಿದೆ. ರಕ್ತ ತೆಗೆಯುವ ಸೂಜಿಗಿಂತ ಸಣ್ಣ ಸೂಜಿ, ಸಾಮಾನ್ಯವಾಗಿ 25 ಗೇಜ್ (ಸೂಜಿಯ ದಪ್ಪದ ಅಳತೆ). ಸ್ಕ್ಯಾನಿಂಗ್ ನೋಡುತ್ತಾ ಕೆಲವು ಸಲ ಚುಚ್ಚುತ್ತಾರೆ, ಒಂದೊಂದು ಸಲವೂ ಕೆಲವೇ ಸೆಕೆಂಡು. ಆ ಹೊತ್ತಿನಲ್ಲಿ ಎಂಜಲು ನುಂಗಬಾರದು, ಮಾತಾಡಬಾರದು, ಕುತ್ತಿಗೆ ಅಲುಗಾಡಿಸಬಾರದು. ಗಾಢ ನಿದ್ದೆಯಲ್ಲಿರುವವರಿಗೆ ಇದನ್ನು ಹೇಳಿ ಮಾಡಿಸಲು ಆಗುವುದಿಲ್ಲ. ಕುತ್ತಿಗೆ ಹಿಂದಕ್ಕೆ ಬಾಗಿಸಿ ಮಲಗಿರುವಾಗ ಉಸಿರಾಟದ ಮೇಲೂ ಕಣ್ಣಿಡಬೇಕಾಗುತ್ತದೆ. ಅದಕ್ಕೇ ದೊಡ್ಡವರಿಗೆ ಸಾಮಾನ್ಯವಾಗಿ ಸೆಡೇಷನ್ (ಮಂಪರು ಬರಿಸುವ ಔಷಧಿ) ಕೊಡುವುದಿಲ್ಲ.

ಹಾಗಂತ ಕೇಳುವುದೇ ತಪ್ಪು ಎಂದು ನಾನು ಒಪ್ಪುವುದಿಲ್ಲ. ಭಯದಿಂದ ಟೆಸ್ಟೇ ನಿಂತುಹೋಗುತ್ತಿದ್ದರೆ, ಆತಂಕ ತಗ್ಗಿಸುವ ಒಂದು ಮಾತ್ರೆ ಮುಂಚೆ ತೆಗೆದುಕೊಳ್ಳಬಹುದಾ ಎಂದು ಡಾಕ್ಟರನ್ನು ಧೈರ್ಯವಾಗಿ ಕೇಳಿ ಎಂದೆ. ಆದರೆ ಟೇಬಲ್ ಮೇಲೆ ಮಲಗಿದ ಮೇಲೆ ಅಲ್ಲ, ದಿನ ಗೊತ್ತು ಮಾಡುವಾಗಲೇ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ರಕ್ತ ತೆಳುವಾಗಿಸುವ ಮಾತ್ರೆ, ಬೇರೆ ನಿದ್ದೆ ಮಾತ್ರೆ ಇದ್ದರೆ ಒಂದನ್ನೂ ಮುಚ್ಚಿಡಬೇಡಿ. ಮನೆಯಲ್ಲಿ ಯಾರದೋ ಮಾತ್ರೆ ಇದೆ ಅಂತ ಸುಮ್ನೆ ನುಂಗಲೇಬೇಡಿ. ಮಾತ್ರೆ ತೆಗೆದುಕೊಂಡರೆ ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೊಬ್ಬರು ಇರಬೇಕು. ಮರಗಟ್ಟಿಸುವ ಕ್ರೀಮ್ ಸುಮಾರು ಒಂದು ಗಂಟೆ ಮುಂಚೆ ಹಚ್ಚಿದರೆ ಚರ್ಮದ ನೋವು ಕಡಿಮೆಯಾಗುತ್ತದೆ, ಅದನ್ನೂ ಕೇಳಿ.

ಎಲ್ಲಕ್ಕಿಂತ ಮುಖ್ಯವಾಗಿ, "ನಾನು ಕೈ ಎತ್ತಿದರೆ ಸೂಜಿ ಹೊರತೆಗೆಯಬೇಕು" ಎಂದು ಮೊದಲೇ ಮಾತಾಡಿಕೊಳ್ಳಲು ಹೇಳಿದೆ. ಗಂಡನಿಗೆ ಬೇರೆಯೇ ಕೂರಿಸಿ ಒಂದು ಮಾತು: ಧೈರ್ಯ ಹೇಳಬೇಡಿ, ಸುಮ್ಮನೆ ಜೊತೆಗಿರಿ.

ಕ್ರೀಮ್, ಒಂದು ಸಣ್ಣ ಮಾತ್ರೆ, ಕೈ ಎತ್ತುವ ಒಪ್ಪಂದ, ಇಷ್ಟರಲ್ಲಿ ಟೆಸ್ಟ್ ಮುಗಿಯಿತು. ಒಮ್ಮೆ ಕೈ ಎತ್ತಿದರಂತೆ, ಡಾಕ್ಟರ್ ತಕ್ಷಣ ನಿಲ್ಲಿಸಿದರು. ಮುಂದಿನದಕ್ಕೆ ಅವರೇ "ಆಯ್ತು, ಮಾಡಿ" ಎಂದರಂತೆ.