ಬಾಯಿ ಪ್ರಾರ್ಥನೆ ಹೇಳುತ್ತೆ, ಮನಸ್ಸು ಎಲ್ಲೋ ಇರುತ್ತೆ

ಪ್ರಶ್ನೆ: ಅಕ್ಕಾ, ನನಗೆ 34 ವರ್ಷ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ. ಹುಟ್ಟಿದಾಗಿನಿಂದ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಎಂಟು ವರ್ಷದಿಂದ ಸಂಡೇ ಸ್ಕೂಲ್ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಆದರೆ ಮೊಣಕಾಲೂರಿದರೆ ಬಾಯಿ ತನ್ನ ಪಾಡಿಗೆ ಪ್ರಾರ್ಥನೆ ಹೇಳುತ್ತೆ, ಮನಸ್ಸು ನಾಳೆಯ ಪೀಸ್ ಲೆಕ್ಕ ಹಾಕುತ್ತಿರುತ್ತೆ. ನನ್ನ ತಂಗಿ ಬೇರೆ ಸಭೆಗೆ ಹೋಗುತ್ತಾಳೆ. ಅಲ್ಲಿ ಉಪವಾಸ ಪ್ರಾರ್ಥನೆ, ಕಣ್ಣೀರು, ದೇವರು ಮಾಡಿದ್ದನ್ನು ಎದ್ದು ನಿಂತು ಹೇಳುವ ಸಾಕ್ಷಿ ಎಲ್ಲ ಇದೆ. ಮೊನ್ನೆ ಅವಳು, "ನಿನಗೆ ಸಭೆ ಇದೆ ಅಕ್ಕ, ದೇವರ ಜೊತೆ ಸಂಬಂಧ ಇಲ್ಲ" ಅಂದಳು. ಅವತ್ತಿನಿಂದ ನಿದ್ದೆಯೇ ಸರಿಯಾಗಿ ಬರುತ್ತಿಲ್ಲ. ನಾನು ಎಲ್ಲಿಂದ ಶುರು ಮಾಡಲಿ?
- ಹೆಸರು ಬೇಡ, ಬಳ್ಳಾರಿ

ಉತ್ತರ: ತಂಗೀ (ನೀನು ಅಕ್ಕಾ ಅಂದ ಮೇಲೆ ನಾನೂ "ನೀನು" ಅಂತಲೇ ಬರೆಯುತ್ತೇನೆ), ನಿನ್ನ ತಂಗಿಯ ಮಾತು ಅರ್ಧ ಸರಿ, ಅರ್ಧ ಸೊಕ್ಕು. ಕ್ವಾಯರ್‌ನಲ್ಲಿ ಹಾಡಿಕೊಂಡು, ಮಕ್ಕಳಿಗೆ ವಾಕ್ಯ ಬಾಯಿಪಾಠ ಮಾಡಿಸಿಕೊಂಡು, ದೇವರ ಜೊತೆ ಒಂದು ಮಾತೂ ಆಡದೆ ವರ್ಷಗಟ್ಟಲೆ ಇರಬಹುದು. ನಾನೇ ಇದ್ದೆ. ಆದರೆ ಕಣ್ಣೀರು ಬಂದರೆ ಮಾತ್ರ ಸಂಬಂಧ ಅನ್ನೋದು ಎಲ್ಲಿಯ ಲೆಕ್ಕ? ಕೆಲವರಿಗೆ ಅಳು ಬೇಗ ಬರುತ್ತೆ, ಕೆಲವರಿಗೆ ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಬರಲ್ಲ.

ಒಂದು ಕೇಳುತ್ತೇನೆ. ನೀನು ಯಾವ ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತೀಯ? ಕನ್ನಡ, ಸರಿ. ಯಾವ ಕನ್ನಡ? "ಕರುಣಾಸಂಪನ್ನನಾದ ತಂದೆಯೇ, ಈ ಪ್ರಾತಃಕಾಲದಲ್ಲಿ ನಿನ್ನ ಪಾದಸನ್ನಿಧಿಗೆ ಬರುತ್ತೇವೆ" ಅಂತ ಅಲ್ವಾ? ಒಬ್ಬಳೇ ಕೂತಾಗಲೂ "ಬರುತ್ತೇವೆ"! ಪಕ್ಕದ ಮಷಿನ್‌ನವಳ ಜೊತೆ ಹೀಗೆ ಮಾತಾಡಿ ನೋಡು, ಜ್ವರ ಬಂತಾ ಅಂತ ಹಣೆ ಮುಟ್ಟುತ್ತಾಳೆ.

ನಮ್ಮಜ್ಜಿ ಸಿರುಗುಪ್ಪ ಕಡೆಯವಳು, ಓದು ಬರುತ್ತಿರಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಲ್ಲಿ ನೀರು ಸವರುತ್ತಾ, "ಯೇಸಪ್ಪಾ, ಜ್ವಾಳ ಮುಗೀತಾ ಬಂತು, ಮಗ ಇನ್ನಾ ಊರಿಗೆ ಬಂದಿಲ್ಲ, ನೀನೂ ಸುಮ್ನೆ ಕುಂತೀಯಲ್ಲಪ್ಪಾ" ಅಂತ ಬೈಯುತ್ತಿದ್ದಳು. ಅದೇ ಉಸಿರಿನಲ್ಲಿ ರೊಟ್ಟಿ ಮಗುಚುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಯೇಸಪ್ಪ ಅಂದರೆ ಹೊರಗೆ ಕಟ್ಟೆ ಮೇಲೆ ಕೂತ ಯಾರೋ ನೆಂಟ ಅಂದುಕೊಂಡಿದ್ದೆ.

ಶಿಲುಬೆಗೆ ಏರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ದೇವರನ್ನು ಏನೆಂದು ಕರೆದ ಅಂತ ಮಾರ್ಕನ ಸುವಾರ್ತೆ 14:36ರಲ್ಲಿ ನೋಡು. "ಅಬ್ಬಾ" ಅಂತ, ಅರಮಾಯಿಕ್ ಮಾತು, ಅವನ ಮನೆಮಾತು. ನಮ್ಮ ಸತ್ಯವೇದದಲ್ಲಿ (ಕನ್ನಡ ಬೈಬಲ್‌ನಲ್ಲಿ) ಅದು "ಅಪ್ಪಾ" ಅಂತಲೇ ಇದೆ. ಕರೆದು ಕೇಳಿದ್ದಾದರೂ ಏನು? ಈ ಪಾತ್ರೆ, ಅಂದರೆ ಬರಲಿರುವ ಈ ನೋವು, ನನಗೆ ಬೇಡ, ತೆಗೆದುಬಿಡು ಅಂತ. ಆಮೇಲೆ ನಿನ್ನ ಚಿತ್ತದಂತೆ ಆಗಲಿ ಅಂದ, ನಿಜ. ಆದರೆ ಬೇಡ ಅನ್ನೋದನ್ನು ಮೊದಲು ಹೇಳಿದ. ನಾವು ಅದನ್ನು ನುಂಗಿಕೊಂಡು ನೇರವಾಗಿ "ನಿನ್ನ ಚಿತ್ತ" ಅಂದುಬಿಡುತ್ತೇವೆ.

ಇನ್ನೊಂದು, ನಿಮ್ಮೂರಿನದೇ ವಿಷಯ. ಲಂಡನ್ ಮಿಷನ್ ಅನ್ನೋ ಇಂಗ್ಲಿಷ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಸತ್ಯವೇದವನ್ನು ಕನ್ನಡಕ್ಕೆ ತರಲು ಕೂತರು. ಜೊತೆಗೆ ವಿಲಿಯಂ ರೀವ್ ಇದ್ದರು. ಇಡೀ ಸತ್ಯವೇದ ಅಚ್ಚಾಗುವಾಗ 1831. ದೇವರ ಮಾತು ಇಲ್ಲಿಯ ಜನರಿಗೆ ಅವರ ಮಾತಲ್ಲೇ ಮುಟ್ಟಲಿ ಅಂತ ಯಾರೋ ಹೊರಗಿನವರು ಇಪ್ಪತ್ತು ವರ್ಷ ಒದ್ದಾಡಿದ್ದಾರೆ. ನೀನು ಉತ್ತರ ಕೊಡುವಾಗ ಮಾತ್ರ ಎರವಲು ಮಾತು ಯಾಕೆ?

ನನ್ನ ಕಥೆ ಸ್ವಲ್ಪ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಹನ್ನೊಂದು ತಿಂಗಳು ನಾನು ಪ್ರಾರ್ಥನೆ ಮಾಡಲಿಲ್ಲ. ಸಭೆಗೆ ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ, ಜನ ಏನಂತಾರೋ ಅಂತ. ಒಂದು ರಾತ್ರಿ ನಲ್ಲಿ ನೀರಿಗೆ ಕಾಯುತ್ತಾ ಖಾಲಿ ಕೊಡಗಳ ಪಕ್ಕ ಕೂತಿದ್ದೆ. ಇದ್ದಕ್ಕಿದ್ದಂತೆ, "ನಿನ್ನ ಮೇಲೆ ನನಗೆ ಸಿಟ್ಟಿದೆ" ಅಂದುಬಿಟ್ಟೆ. ಅಷ್ಟೇ. ಬೆಳಕೇನೂ ಇಳಿದು ಬರಲಿಲ್ಲ. ನೀರು ಬಂತು, ಹಿಡಿದೆ. ಆದರೆ ಅಷ್ಟು ತಿಂಗಳಲ್ಲಿ ನಾನು ಅವನಿಗೆ ಹೇಳಿದ ಮೊದಲ ನಿಜ ಅದೊಂದೇ. ಆಮೇಲೆ 88ನೇ ಕೀರ್ತನೆ ಓದಿದೆ. ಕೊನೆವರೆಗೂ ಗೋಳು, ಕತ್ತಲಲ್ಲೇ ಮುಗಿಯುತ್ತೆ, ಒಂದು ಸಮಾಧಾನದ ಸಾಲೂ ಇಲ್ಲ. ಅದನ್ನೂ ಕಿತ್ತು ಹಾಕದೆ 150ರಲ್ಲಿ ಒಂದಾಗಿ ಇಟ್ಟುಕೊಂಡಿದ್ದಾರಲ್ಲ ಅಂತ ಅವತ್ತು ಎಷ್ಟೋ ಹಗುರಾಯಿತು.

ಹಾಗಾಗಿ ಮನಸ್ಸು ಪೀಸ್ ಲೆಕ್ಕಕ್ಕೆ ಓಡಿದರೆ ಎಳೆದು ತರಬೇಡ, ಆ ಲೆಕ್ಕವನ್ನೇ ಅವನಿಗೆ ಹೇಳು. ಇಷ್ಟು ಪೀಸ್ ಆಯಿತು, ಇಷ್ಟು ರಿಜೆಕ್ಟ್ ಆಯಿತು, ಬಾಡಿಗೆಗೆ ಇಷ್ಟು ಕಮ್ಮಿ ಬೀಳುತ್ತೆ. ಬಾಗಿಲು ಮುಚ್ಚಿ ಪ್ರಾರ್ಥಿಸು ಅಂತ ಮತ್ತಾಯ 6:6ರಲ್ಲಿದೆ. ಒಂದೇ ಕೋಣೆಯ ಮನೆಯಾದರೆ ಮುಚ್ಚಲು ಬಾಗಿಲೆಲ್ಲಿ? ಯೂನಿಟ್‌ಗೆ ನಡೆದು ಹೋಗುವ ದಾರಿ ಇದೆಯಲ್ಲ, ಆ ಹತ್ತು ನಿಮಿಷವೇ ನಿನ್ನ ಕೋಣೆ. ಓದಲು ಮಾರ್ಕ ತಗೋ, 16 ಅಧ್ಯಾಯ ಅಷ್ಟೇ. ದಿನಕ್ಕೆ ಒಂದು ಘಟನೆ ಸಾಕು. ಸಂಡೇ ಸ್ಕೂಲಿಗೆ ಏನು ಹೇಳಲಿ ಅಂತ ಓದಬೇಡ, ಆ ಘಟನೆ ನಡೆದ ಜಾಗದ ಮೂಲೆಯಲ್ಲಿ ನೀನೂ ಕೂತಿದ್ದೀಯ ಅಂತ ಓದು. ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಇರು. ಏನೂ ಅನ್ನಿಸದಿದ್ದರೆ ಅನ್ನಿಸದೇ ಇರಲಿ, ಎದ್ದು ಕೆಲಸಕ್ಕೆ ಹೋಗು.

ನಿದ್ದೆಯ ವಿಷಯ ಹಗುರವಾಗಿ ತಗೋಬೇಡ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾಕಪ್ಪಾ ಸಾಕು, ಪ್ರಾಣ ತೆಗೆದುಬಿಡು ಅಂತ ಅಡವಿಯಲ್ಲಿ ಒಂದು ಗಿಡದ ಕೆಳಗೆ ಮಲಗುತ್ತಾನೆ. ನಮ್ಮ ಕಡೆಯ ಜಾಲಿಗಿಡವನ್ನೇ ನೆನೆಸಿಕೋ. ದೇವದೂತ ಬಂದು ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಊಟವೇ. ಮಾತುಕತೆ ಆಮೇಲೆ. ಇನ್ನೂ ಒಂದೆರಡು ವಾರ ನಿದ್ದೆ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸು, ಅದರಿಂದ ನಂಬಿಕೆ ಕಮ್ಮಿ ಆಗಲ್ಲ.

ತಂಗಿ ಜೊತೆ ವಾದ ಬೇಡ. ಅವಳು ಬಂದಾಗ ಇಬ್ಬರೂ ಕೂತು ಅಮ್ಮನಿಗಾಗಿ ಪ್ರಾರ್ಥನೆ ಮಾಡಿ, ಅವಳು ಅಳಲಿ, ನೀನು ನಿನ್ನ ಹಾಗೇ ಇರು.

ಪ್ರಶ್ನೆ: ಪ್ರತಿ ಜನವರಿ ಸತ್ಯವೇದ ಮೊದಲಿಂದ ಓದಲು ಶುರು ಮಾಡಿ ಮೂರನೇ ಪುಸ್ತಕ ಯಾಜಕಕಾಂಡದಲ್ಲಿ ನಿಂತುಬಿಡುತ್ತೇನೆ. ಡ್ಯೂಟಿ ಬಸ್ಸಿನಲ್ಲಿ ಫೋನಿನಲ್ಲಿ ಕೇಳಿದರೆ ನಡೆಯುತ್ತಾ?
- ಒಬ್ಬ ಓದುಗ, ರಾಯಚೂರು

ಉತ್ತರ: ಧಾರಾಳವಾಗಿ. ಮೊದಲ ಕಾಲದಲ್ಲಿ ಅಪೊಸ್ತಲ ಪೌಲನ ಪತ್ರಗಳನ್ನು ಸಭೆಯಲ್ಲಿ ಒಬ್ಬರು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಯಾಜಕಕಾಂಡದ 27 ಅಧ್ಯಾಯ ಸದ್ಯಕ್ಕೆ ಅಲ್ಲೇ ಇರಲಿ, ಲೂಕನ ಸುವಾರ್ತೆಗೆ ಹೋಗಿ. ಬಸ್ಸಿನಲ್ಲಿ ನಿದ್ದೆ ಬಂದರೆ ಬೇಜಾರು ಬೇಡ. ಪೌಲನೇ ಎದುರಿಗೆ ನಿಂತು ಮಾತಾಡುವಾಗ ಕಿಟಕಿಯಲ್ಲಿ ಕೂತಿದ್ದ ಒಬ್ಬ ಹುಡುಗ ತೂಕಡಿಸಿ ಕೆಳಗೆ ಬಿದ್ದಿದ್ದ, ಅಪೊಸ್ತಲರ ಕೃತ್ಯಗಳು 20ರಲ್ಲಿದೆ. ನೀವು ಎಲ್ಲಿ ನಿದ್ದೆ ಹೋದಿರೋ ಅಲ್ಲಿಂದ ಮತ್ತೆ ಹಾಕಿ. ಕಿಟಕಿ ಸೀಟು ಬೇಡ.